ತಲೆ ನೋಡಬೇಡಿ, ಕುತ್ತಿಗೆ ನೋಡಿ: ಜಪಾನಿನ ಹಳೆಯ ಬೇಸ್ ಗಿಟಾರ್ ಗುರುತಿಸಿ ಕೊಳ್ಳೋದು ಹೇಗೆ

ಬೆಂಗಳೂರಿನ ಗೆಳೆಯರು ನನಗೆ ವಾಟ್ಸಾಪಿನಲ್ಲಿ ಕಳಿಸೋ ಫೋಟೋಗಳೆಲ್ಲ ಒಂದೇ ಥರ. ಬೇಸ್ ಗಿಟಾರಿನ ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರೋ ತಲೆ), ಅದರ ಮೇಲೆ ಕಂಪನಿ ಹೆಸರು, ಕೆಳಗೆ ಒಂದು ಪ್ರಶ್ನೆ: "ಗುರು, ಇದು ಒರಿಜಿನಲ್ ಜಪಾನಾ? ತಗೋಬಹುದಾ?" ನಾನು ಕೊಡೋ ಉತ್ತರವೂ ಒಂದೇ ಥರ. ಹೆಡ್‌ಸ್ಟಾಕ್ ಬಿಡು, ಹಿಂಭಾಗ ತೋರಿಸು. ನೆಕ್ಕು, ಅಂದ್ರೆ ಕುತ್ತಿಗೆ, ಬಾಡಿಗೆ ಸೇರೋ ಜಾಗ ತೋರಿಸು. ಮಾರೋರು ಒಪ್ಪಿದರೆ ಪಿಕ್‌ಗಾರ್ಡ್ (ಬಾಡಿ ಮೇಲಿನ ತೆಳು ಹೊದಿಕೆ) ಬಿಚ್ಚಿಸಿ ಒಳಗಿನದ್ದೂ ಒಂದು ಫೋಟೋ ತೆಗಿ. ಅರ್ಧಕ್ಕರ್ಧ ಜನ ಅಲ್ಲಿಗೇ ಸುಮ್ಮನಾಗ್ತಾರೆ. ಉಳಿದವರಿಗಾಗಿ ಇದನ್ನು ಬರೀತಿದೀನಿ.

ನಾನಿರೋದು ಜಪಾನಿನ ಹಮಾಮಾತ್ಸುವಿನಲ್ಲಿ. ಹೊಟ್ಟೆಪಾಡಿಗೆ ಕಾರಿನ ಬಿಡಿಭಾಗಗಳ ಕೆಲಸ, ಚಟಕ್ಕೆ ಬೇಸ್. ಯಾಮಾಹಾ, ಕವಾಯಿ, ತೋಕಾಯ್ ಮೂರೂ ಇದೇ ಊರಿನ ಕಂಪನಿಗಳು. ಹಳೇ ಬೇಸ್‌ಗಳ ಹುಚ್ಚು ಹತ್ತೋಕೆ ಇದಕ್ಕಿಂತ ಒಳ್ಳೇ ಊರು ಸಿಗಲಿಕ್ಕಿಲ್ಲ.

ಹೆಸರು ಬೇರೆ, ಕಾರ್ಖಾನೆ ಬೇರೆ

ಮೊದಲು ತಲೆಗೆ ಹೋಗಬೇಕಾದ ವಿಷಯ ಇದು. 1970 ಮತ್ತು 80ರ ದಶಕದ ಜಪಾನಿನಲ್ಲಿ ಹೆಡ್‌ಸ್ಟಾಕ್ ಮೇಲೆ ಹೆಸರಿರೋ ಕಂಪನಿ ಸಾಮಾನ್ಯವಾಗಿ ಬರೀ ವ್ಯಾಪಾರಿ ಸಂಸ್ಥೆ. ಇಬಾನೆಜ್ ಹೆಸರಿನ ಒಡೆಯರು ನಗೋಯಾದ ಹೊಶಿನೋ, ಆರಿಯಾದವರೂ ನಗೋಯಾದವರೇ, ಗ್ರೆಕೋ ಅನ್ನೋದು ಟೋಕಿಯೋದ ಕಾಂದಾ ಶೋಕಾಯ್ ಅವರದ್ದು. ಇವರು ಯಾರೂ ಆಗ ಎಲೆಕ್ಟ್ರಿಕ್ ಬೇಸ್‌ಗಳ ಮರ ಕೊಯ್ತಾ ಕೂತವರಲ್ಲ. ಕೊಯ್ದಿದ್ದು ಮುಖ್ಯವಾಗಿ ನಾಗಾನೋ ಪ್ರಾಂತ್ಯದ ಮಾತ್ಸುಮೋತೋ ಊರಿನ ಎರಡು ಕಾರ್ಖಾನೆಗಳು. ಒಂದು 1960ರಲ್ಲಿ ಶುರುವಾದ ಫುಜಿಗೆನ್. ಇಬಾನೆಜ್, ಗ್ರೆಕೋ, ಆಮೇಲೆ 1982ರಿಂದ ಫೆಂಡರ್ ಜಪಾನ್, ಇವೆಲ್ಲ ಬಂದಿದ್ದು ಅಲ್ಲಿಂದ. ಇನ್ನೊಂದು ಮಾತ್ಸುಮೋಕು. ಸಿಂಗರ್ ಹೊಲಿಗೆ ಯಂತ್ರಕ್ಕೆ ಮರದ ಪೆಟ್ಟಿಗೆ ಮಾಡಿಕೊಡ್ತಿದ್ದ ಕಾರ್ಖಾನೆ ಅದು. ಆರಿಯಾ ಪ್ರೋ 2, ವೆಸ್ಟೋನ್, ವಾಂಟೇಜ್, ಎಲೆಕ್ಟ್ರಾ, 70ರ ದಶಕದ ಎಪಿಫೋನ್, ಹೀಗೆ ಪಟ್ಟಿ ಉದ್ದಕ್ಕಿದೆ. 1987ರಲ್ಲಿ ಬಾಗಿಲು ಹಾಕ್ತು.

ಇದರಿಂದ ನಿಮಗೇನು ಲಾಭ ಅಂದ್ರೆ, ಹೆಸರಿಲ್ಲದ ಬೇಸ್ ಅಂತ ಜನ ಬಿಟ್ಟುಹೋಗೋ ವೆಸ್ಟೋನ್ ಮತ್ತು ಎಲ್ಲರೂ ಮುಗಿಬೀಳೋ ಆರಿಯಾ ಒಂದೇ ಸೂರಿನಡಿ ಹುಟ್ಟಿದವು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ವೆಸ್ಟೋನ್ ಥಂಡರ್ ಸರಣಿಯ ಬೇಸ್ ಒಂದು ಸಲ ಕೈಗೆ ತಗೊಂಡು ನೋಡಿ, ನಾನು ಹೇಳೋದು ಗೊತ್ತಾಗುತ್ತೆ.

ಯಾವ ಕಾಲದ್ದು ಹುಡುಕಬೇಕು

1965ರಲ್ಲಿ ಅಮೆರಿಕದ ಗಿಟಾರ್ ಬ್ಯಾಂಡು ವೆಂಚರ್ಸ್ ಬಂದು ಹೋದ ಮೇಲೆ ಇಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚೆದ್ದಿತು. ಆ ದಶಕದ ಟೀಸ್ಕೋ, ಗುಯಾಟೋನ್ ಬೇಸ್‌ಗಳು ನೋಡೋಕೆ ಭಾರಿ ಮಜಾ. ತಗಡಿನ ಪಿಕ್‌ಗಾರ್ಡ್, ರಾಶಿ ಸ್ವಿಚ್ಚು, ಶಾರ್ಕ್ ರೆಕ್ಕೆಯಂಥ ಆಕಾರ. ಗೋಡೆಗೆ ನೇತುಹಾಕಬೇಕು ಅಂದ್ರೆ ಕೊಳ್ಳಿ. ಬ್ಯಾಂಡಿನಲ್ಲಿ ನುಡಿಸಬೇಕು ಅಂದ್ರೆ ಬೇಡ. ಬಹಳಷ್ಟು ಶಾರ್ಟ್ ಸ್ಕೇಲ್ (ತಂತಿಯ ಉದ್ದ ಕಡಿಮೆ), ನೆಕ್ ದಪ್ಪ, ಶ್ರುತಿ ನಿಲ್ಲಲ್ಲ. 1967ರಲ್ಲಿ ಟೀಸ್ಕೋವನ್ನ ಕವಾಯಿ ಕೊಂಡುಕೊಂಡಿತು.

70ರ ದಶಕದ ಮೊದಲರ್ಧ ನಕಲಿನ ಕಾಲ. ಅಮೆರಿಕದ ಫೆಂಡರ್, ಗಿಬ್ಸನ್, ರಿಕನ್‌ಬ್ಯಾಕರ್ ಏನೇ ಇರಲಿ, ನೋಡಿ ಮಾಡಿದ್ದೇ. ಅದರಲ್ಲೂ ಆ ದಶಕದ ಮೊದಲ ವರ್ಷಗಳ ಅಗ್ಗದ ನಕಲುಗಳ ಬಾಡಿ ಪ್ಲೈವುಡ್. 1975 ದಾಟಿದ ಮೇಲೆ ಗುಣಮಟ್ಟ ಎದ್ದುಕಾಣೋ ಹಾಗೆ ಏರಿತು. 1977ರಿಂದ 1987ರ ತನಕ ನನ್ನ ಲೆಕ್ಕದಲ್ಲಿ ಚಿನ್ನದಂಥ ಹತ್ತು ವರ್ಷ. ಯಾಮಾಹಾ ತನ್ನ ಬಿಬಿ ಸರಣಿ ತಂದಿದ್ದು, ಇಬಾನೆಜ್ ಮ್ಯುಸಿಶಿಯನ್, ಆರಿಯಾದ ಎಸ್‌ಬಿ, ಗ್ರೆಕೋದ ಗೋಬಿ, ಫೆಂಡರ್ ಜಪಾನಿನ ಆರಂಭ, ಎಲ್ಲ ಈ ಹತ್ತು ವರ್ಷದ ಒಳಗೇ.

ಯಾಕೆ ಅಲ್ಲಿಗೆ ನಿಲ್ತು ಅಂದ್ರೆ ಹಣದ ಲೆಕ್ಕ. ಡಾಲರ್ ಬೆಲೆ ಇಳಿಸೋಕೆ ದೊಡ್ಡ ದೇಶಗಳು ಮಾಡಿಕೊಂಡ 1985ರ ಸೆಪ್ಟೆಂಬರಿನ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಗಗನಕ್ಕೇರಿತು. ಡಾಲರಿಗೆ 240ರ ಸುಮಾರು ಇದ್ದ ಯೆನ್ ಎರಡು ವರ್ಷದೊಳಗೆ 150ರ ಆಜುಬಾಜಿಗೆ ಬಂತು. ಜಪಾನಿನಲ್ಲಿ ಮಾಡಿ ಅಮೆರಿಕಕ್ಕೆ ಮಾರೋದು ಗಿಟ್ಟದಂತಾಗಿ ಕಡಿಮೆ ಬೆಲೆಯ ಮಾಡೆಲ್‌ಗಳ ಕೆಲಸ ಕೊರಿಯಾ, ತೈವಾನಿಗೆ ಹೋಯ್ತು. ಹಾಗಾಗಿ 80ರ ದಶಕದ ಕೊನೆಯ ಬೇಸ್ ಸಿಕ್ಕಿದಾಗ "ಜಪಾನಿನ ಬ್ರ್ಯಾಂಡು, ಜಪಾನಿನದ್ದೇ ಇರುತ್ತೆ" ಅಂತ ಅಂದುಕೋಬೇಡಿ. ಯಾಮಾಹಾ ಹೆಸರಿನವು ತೈವಾನಿನಲ್ಲೂ ಆಗಿವೆ. ಅವು ಕೆಟ್ಟವಲ್ಲ, ಆದರೆ ಬೆಲೆ ಬೇರೆ.

"ಲಾಸೂಟ್" ಅನ್ನೋ ಬೆಲೆ ಏರಿಸೋ ಮಂತ್ರ

ಯಾರಾದರೂ "ಲಾಸೂಟ್ ಕಾಲದ ಬೇಸ್" (ಲಾಸೂಟ್ ಅಂದ್ರೆ ಕೋರ್ಟ್ ಕೇಸು) ಅಂತ ಹೇಳಿ ಬೆಲೆ ಏರಿಸಿದರೆ ನಗ್ತಾ ಮುಂದೆ ಹೋಗಿ. ನಡೆದಿದ್ದು ಇಷ್ಟು. 1977ರ ಜೂನ್‌ನಲ್ಲಿ ಗಿಬ್ಸನ್‌ನ ಮಾಲೀಕ ಕಂಪನಿ ನಾರ್ಲಿನ್, ಹೊಶಿನೋದ ಅಮೆರಿಕದ ಅಂಗಸಂಸ್ಥೆ ಎಲ್ಗರ್ ಮೇಲೆ ಫಿಲಡೆಲ್ಫಿಯಾದ ಕೋರ್ಟಿನಲ್ಲಿ ಕೇಸು ಹಾಕಿತು. ತಕರಾರು ಇದ್ದಿದ್ದು ಹೆಡ್‌ಸ್ಟಾಕಿನ ಆಕಾರದ ಬಗ್ಗೆ. ಅಷ್ಟು ಹೊತ್ತಿಗೆ ಇಬಾನೆಜ್ ಆ ಆಕಾರ ಬದಲಾಯಿಸಿಯೂ ಆಗಿತ್ತು. 1978ರಲ್ಲಿ ಕೋರ್ಟಿನ ಹೊರಗೇ ರಾಜಿ. ಆ ಕೇಸಿಗೂ ಫೆಂಡರ್‌ಗೂ ಸಂಬಂಧವೇ ಇಲ್ಲ. ಅಂದ ಮೇಲೆ ಫೆಂಡರ್‌ನ ಜಾಝ್ ಬೇಸಿನ ನಕಲನ್ನ "ಲಾಸೂಟ್" ಅಂತ ಮಾರೋದರಲ್ಲಿ ಅರ್ಥ ಏನು? ಬೇಸ್ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ದುಡ್ಡು ಕೊಡಿ, ಕೋರ್ಟಿನ ಕಥೆಗೆ ಕೊಡಬೇಡಿ.

ಸೀರಿಯಲ್ ನಂಬರ್ ಓದೋದು

ಇಬಾನೆಜ್ ಸುಲಭ. 1975ರ ಸುಮಾರಿನಿಂದ 80ರ ದಶಕದ ನಡುವಿನ ತನಕ ಒಂದು ಅಕ್ಷರ, ಆಮೇಲೆ ಆರು ಅಂಕಿ. ಅಕ್ಷರ ತಿಂಗಳು: ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್. ನಂತರದ ಎರಡು ಅಂಕಿ ಇಸವಿ. ಸಿ78 ಅಂತ ಶುರುವಾದರೆ 1978ರ ಮಾರ್ಚ್. ಗ್ರೆಕೋ ಕೂಡ ಅದೇ ಕಾರ್ಖಾನೆಯದ್ದಾದ್ದರಿಂದ ಆ ವರ್ಷಗಳಲ್ಲಿ ಅದೇ ಪದ್ಧತಿ. 1975ಕ್ಕಿಂತ ಹಿಂದಿನ ಇಬಾನೆಜ್‌ನಲ್ಲಿ ನಂಬರೇ ಇರಲ್ಲ, ಹೆದರಬೇಡಿ.

ಮಾತ್ಸುಮೋಕುವಿನ 80ರ ದಶಕದ ಬೇಸ್‌ಗಳಲ್ಲಿ ಮೊದಲ ಅಂಕಿಯೇ ಇಸವಿಯ ಕೊನೆಯ ಅಂಕಿ. 2ರಿಂದ ಶುರುವಾದ ಆರಿಯಾ 1982ರದ್ದು. ತೋಕಾಯ್ ಬೇಸ್‌ಗಳಲ್ಲೂ 80ರ ದಶಕದ ಆರಂಭಕ್ಕೆ ಇದೇ ಲೆಕ್ಕ.

ಯಾಮಾಹಾದವರದ್ದು ಸ್ವಲ್ಪ ತಲೆಹರಟೆ. 80ರ ದಶಕದ ನಂಬರುಗಳು ಎರಡು ಅಕ್ಷರದಿಂದ ಶುರುವಾಗ್ತವೆ. ಎಚ್ ಅಂದ್ರೆ 1, ಐ ಅಂದ್ರೆ 2, ಜೆ ಅಂದ್ರೆ 3, ಹೀಗೆ ಎಣಿಸ್ತಾ ಹೋಗಬೇಕು. ಮೊದಲ ಅಕ್ಷರ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಎಲ್ ಮತ್ತು ಕೆ ಇದ್ದರೆ 5 ಮತ್ತು 4, ಅಂದ್ರೆ 1985ರ ಏಪ್ರಿಲ್. ಅಥವಾ 1995ರ ಏಪ್ರಿಲ್. ಯಾವ ದಶಕ ಅಂತ ಆ ಮಾಡೆಲ್ ಯಾವಾಗ ತಯಾರಾಗ್ತಿತ್ತು ಅನ್ನೋದರಿಂದ ನೀವೇ ತೀರ್ಮಾನ ಮಾಡಬೇಕು.

ಫೆಂಡರ್ ಜಪಾನ್ ಶುರುವಾಗಿದ್ದು 1982ರಲ್ಲಿ. ಫೆಂಡರ್, ಕಾಂದಾ ಶೋಕಾಯ್ ಮತ್ತು ಯಾಮಾನೋ ಮೂವರೂ ಸೇರಿ. ಮೊದಲ ಅಕ್ಷರಗಳು ಜೆವಿ, 1982ರಿಂದ 84. ಆಮೇಲೆ ಎಸ್‌ಕ್ಯೂ, 1983-84. ಇ ಅಕ್ಷರ 1984ರಿಂದ 87, ಎ, ಬಿ, ಸಿ 1985-86, ಎಫ್ 1986-87, ಅಲ್ಲಿಂದ ಅಕ್ಷರಮಾಲೆ ಮುಂದುವರಿಯುತ್ತೆ. "ಮೇಡ್ ಇನ್ ಜಪಾನ್" ಬದಲು "ಕ್ರಾಫ್ಟೆಡ್ ಇನ್ ಜಪಾನ್" ಅಂತಿದ್ದರೆ 1997ರ ಆಸುಪಾಸಿನಿಂದ ಈಚಿನದ್ದು. ಅವೂ ಒಳ್ಳೆಯವೇ, ಆದರೆ ವಿಂಟೇಜ್ ಬೆಲೆ ಕೊಡಬೇಡಿ. ಜೆವಿ ನಂಬರಿನ ಸ್ಕ್ವಯರ್ (ಫೆಂಡರ್‌ನದೇ ಅಗ್ಗದ ಬ್ರ್ಯಾಂಡು) ಬೇಸ್‌ಗಳನ್ನಂತೂ ಸಂಗ್ರಹಕಾರರು ದೇವರ ಹಾಗೆ ನೋಡ್ತಾರೆ. ಅದರಲ್ಲೂ ಹೆಡ್‌ಸ್ಟಾಕಿನಲ್ಲಿ ಫೆಂಡರ್ ಹೆಸರು ದೊಡ್ಡದಾಗಿ, ತುದಿಯಲ್ಲಿ ಸ್ಕ್ವಯರ್ ಸೀರೀಸ್ ಅಂತ ಚಿಕ್ಕದಾಗಿ ಇದ್ದರೆ ಅದು ಮೊದಮೊದಲಿನದು. ನಂತರ ಸ್ಕ್ವಯರ್ ದೊಡ್ಡದಾಯ್ತು, ಫೆಂಡರ್ ಚಿಕ್ಕದಾಯ್ತು.

ಒಂದು ಎಚ್ಚರ. ನಂಬರ್ ನೆಕ್ ಮೇಲಿದ್ದರೆ ಅದು ನೆಕ್‌ನ ಇಸವಿ ಮಾತ್ರ. ಬೋಲ್ಟ್ ಬಿಚ್ಚಿ ಬೇರೆ ಬಾಡಿಗೆ ಹಾಕೋಕೆ ಹತ್ತು ನಿಮಿಷ ಸಾಕು. ನಂಬರ್ ನೆಕ್ ಪ್ಲೇಟ್ (ನೆಕ್ ಬಿಗಿಯೋ ಬೋಲ್ಟುಗಳ ಕೆಳಗಿನ ಲೋಹದ ತಗಡು) ಮೇಲಿದ್ದರೆ ಇನ್ನೂ ಸುಲಭ, ಎರಡು ನಿಮಿಷ. ಆ ಪ್ಲೇಟಿನ ಮೇಲೆ "ಸ್ಟೀಲ್ ಅಡ್ಜಸ್ಟಬಲ್ ನೆಕ್" ಅಂತ ಮಾತ್ರ ಇದ್ದರೆ ಅದರಿಂದ ತಿಳಿಯೋದು ಒಳಗೆ ಟ್ರಸ್ ರಾಡ್, ಅಂದ್ರೆ ನೆಕ್‌ನ ಬಾಗು ಸರಿಪಡಿಸೋ ಕಬ್ಬಿಣದ ಸಲಾಕೆ, ಇದೆ ಅಂತ ಅಷ್ಟೇ. ಹಲವು ಕಾರ್ಖಾನೆಗಳು ಹಾಕ್ತಿದ್ದ ಪ್ಲೇಟ್ ಅದು.

ಮಾಡೆಲ್ ಹೆಸರಲ್ಲೇ ಬೆಲೆ

ಇದನ್ನ ಕಲಿತರೆ ಅರ್ಧ ಕೆಲಸ ಮುಗೀತು. ಆ ಕಾಲದ ಜಪಾನೀ ಮಾಡೆಲ್ ಹೆಸರಿನಲ್ಲಿ ಅಂಗಡಿ ಬೆಲೆ ಅಡಗಿರ್ತಿತ್ತು. ಫೆಂಡರ್ ಜಪಾನಿನ ಜೆಬಿ62-75 ತಗೊಳ್ಳಿ. ಜೆಬಿ ಅಂದ್ರೆ ಜಾಝ್ ಬೇಸ್, 62 ಅಂದ್ರೆ 1962ರ ವಿನ್ಯಾಸ, 75 ಅಂದ್ರೆ 75,000 ಯೆನ್. ಮಾರೋರು "62 ಮಾಡೆಲ್" ಅಂದಾಗ 1962ರಲ್ಲಿ ಮಾಡಿದ್ದು ಅಂತ ನಂಬಿಕೊಂಡವರನ್ನ ನಾನೇ ನೋಡಿದೀನಿ. ಅದೇ ಸರಣಿಯಲ್ಲಿ ಜೆಬಿ62-115 ಇದೆ, 1,15,000 ಯೆನ್ನಿನದು. ದೂರದಿಂದ ಎರಡೂ ಒಂದೇ. ಮರ, ಪಿಕಪ್ಪು (ತಂತಿಯ ಕಂಪನ ಹಿಡಿಯೋ ಅಯಸ್ಕಾಂತದ ಭಾಗ), ಬಣ್ಣದ ಮೇಲಿನ ಲ್ಯಾಕರ್ ಬೇರೆ. ಗ್ರೆಕೋದಲ್ಲಿ ನೂರರ ಲೆಕ್ಕ: ಜೆಬಿ600 ಅಂದ್ರೆ 60,000 ಯೆನ್, ಪಿಬಿ450 ಅಂದ್ರೆ 45,000 (ಪಿಬಿ ಅಂದ್ರೆ ಪ್ರಿಸಿಷನ್ ಬೇಸ್, ಫೆಂಡರ್‌ನ ಇನ್ನೊಂದು ಮಾದರಿ). ಆರಿಯಾದ ಎಸ್‌ಬಿ-1000 ಆಗ 1,00,000 ಯೆನ್, ಯಾಮಾಹಾ ಬಿಬಿ1200 ಅಂದ್ರೆ 1,20,000. ಎಲ್ಲ ಮಾಡೆಲ್‌ಗೂ ಇದು ಹೊಂದಲ್ಲ, ರಫ್ತಿಗೆ ಅಂತಲೇ ಮಾಡಿದವಕ್ಕಂತೂ ಬೇರೆಯೇ ಹೆಸರು. ಆದರೂ ಒಂದೇ ಹೆಸರಿನ ಎರಡು ಗ್ರೆಕೋ ಎದುರಿಗಿದ್ದಾಗ ಯಾವುದು ಪ್ಲೈವುಡ್, ಯಾವುದು ಅಸಲಿ ಮರ ಅಂತ ಊಹಿಸೋಕೆ ಈ ಅಂಕಿಯೇ ಸಾಕು.

ಕೈಗೆ ತಗೊಂಡ ಮೇಲೆ

ಈಗ ಮುಖ್ಯ ವಿಷಯ. ನಾನು ಬೇಸ್ ನೋಡೋಕೆ ಹೋಗುವಾಗ ಜೇಬಿನಲ್ಲಿ ಇರೋದು: ಪುಟ್ಟ ಟಾರ್ಚು, ಸೂಟ್‌ಕೇಸ್ ತೂಗೋ ಕೈತಕ್ಕಡಿ, ಒಂದು ವಿಸಿಟಿಂಗ್ ಕಾರ್ಡು, ಅಗ್ಗದ ಮಲ್ಟಿಮೀಟರು, ಸ್ಕ್ರೂಡ್ರೈವರು. ಅಂಗಡಿಯವರನ್ನ ಕೇಳದೆ ಸ್ಕ್ರೂಗೆ ಕೈ ಹಚ್ಚಬೇಡಿ. ಕೇಳಿದರೆ ಇಲ್ಲಿ ಸಾಮಾನ್ಯವಾಗಿ ಅವರೇ ಬಿಚ್ಚಿ ತೋರಿಸ್ತಾರೆ.

ನೆಕ್ಕಿಂದಲೇ ಶುರು ಮಾಡಿ. ಬಾಡಿಯ ತುದಿಯನ್ನ ಕಣ್ಣಿನ ಹತ್ತಿರ ಹಿಡಿದು, ಬಂದೂಕಿಗೆ ಗುರಿ ಇಡೋ ಹಾಗೆ, ಫಿಂಗರ್‌ಬೋರ್ಡಿನ (ನೆಕ್ ಮೇಲೆ ಬೆರಳೊತ್ತೋ ಹಲಗೆ) ಎರಡೂ ಅಂಚನ್ನ ಬೇರೆಬೇರೆಯಾಗಿ ನೋಡಿ. ಎರಡೂ ಅಂಚು ಒಂದೇ ಥರ ಬಾಗಿದ್ದರೆ ರಿಪೇರಿಗೆ ದಾರಿ ಇದೆ. ಒಂದು ನೇರ, ಇನ್ನೊಂದು ಬಾಗು ಅಂದ್ರೆ ನೆಕ್ ತಿರುಚಿಕೊಂಡಿದೆ. ಅಂಥದ್ದನ್ನ ಮುಟ್ಟದೆ ವಾಪಸ್ ಇಡಿ, ಎಷ್ಟೇ ಅಗ್ಗ ಇರಲಿ. ಆಮೇಲೆ ಒಂದು ತಂತಿಯನ್ನ ಮೊದಲ ಫ್ರೆಟ್ಟಿನಲ್ಲೂ (ಆ ಹಲಗೆಯ ಅಡ್ಡಕ್ಕಿರೋ ಲೋಹದ ಗೆರೆ), ನೆಕ್ ಬಾಡಿಗೆ ಸೇರೋ ಕಡೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡೀರಿ. 7 ಅಥವಾ 8ನೇ ಫ್ರೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡು ನುಸುಳುವಷ್ಟು ಸಂದಿ ಇದ್ದರೆ ಸರಿ. ಸಂದಿಯೇ ಇಲ್ಲ ಅಂದ್ರೆ ನೆಕ್ ಹಿಂದಕ್ಕೆ ಬಾಗಿರಬಹುದು, ತುಂಬ ಇದ್ದರೆ ಮುಂದಕ್ಕೆ. ಎರಡಕ್ಕೂ ಟ್ರಸ್ ರಾಡ್ ಇದೆ, ಆದರೆ ರಾಡ್‌ನಲ್ಲಿ ಇನ್ನೂ ತಿರುಗೋಕೆ ಜಾಗ ಉಳಿದಿದೆಯಾ ಅನ್ನೋದೇ ಪ್ರಶ್ನೆ. ನಲವತ್ತು ವರ್ಷದಲ್ಲಿ ಹತ್ತು ಜನ ಬಿಗಿ ಮಾಡಿ ಕೊನೆ ಮುಟ್ಟಿಸಿರಬಹುದು. ಫೆಂಡರ್ ಮಾದರಿಯ ಹಳೇ ವಿನ್ಯಾಸದಲ್ಲಿ ರಾಡ್‌ನ ನಟ್ಟು ನೆಕ್‌ನ ಬುಡದಲ್ಲಿರುತ್ತೆ, ತಿರುಗಿಸೋಕೆ ನೆಕ್ಕನ್ನೇ ಬಿಚ್ಚಬೇಕು. ಹಾಗಾಗಿ ಅಂಗಡಿಯವರನ್ನ ಬಾಯಿಬಿಟ್ಟು ಕೇಳಿ.

ನೆಕ್-ಥ್ರೂ ಬೇಸ್ ಆದರೆ, ಅಂದ್ರೆ ನೆಕ್ಕಿನ ಮರವೇ ಬಾಡಿಯ ಕೊನೆ ತನಕ ಹೋಗಿರೋದಾದರೆ, ಇಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ಬೋಲ್ಟ್-ಆನ್ (ಬೋಲ್ಟಿನಿಂದ ಬಿಗಿದ ನೆಕ್) ಕೆಟ್ಟರೆ ನೆಕ್ ಬದಲಾಯಿಸಬಹುದು. ನೆಕ್-ಥ್ರೂ ಕೆಟ್ಟರೆ ಪೂರ್ತಿ ಬೇಸೇ ಹೋಯ್ತು.

ಫ್ರೆಟ್ ನೋಡಿ. ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿಯ ಕೆಳಗೆ ಗುಂಡಿ ಬಿದ್ದಿದೆಯಾ? ಫ್ರೆಟ್ಟಿನ ತಲೆ ದುಂಡಗಿದೆಯಾ, ಚಪ್ಪಟೆಯಾಗಿದೆಯಾ? ಹೊಸ ಫ್ರೆಟ್ ಹಾಕಿಸೋ ಖರ್ಚು ಅಗ್ಗದ ಬೇಸಿನ ಬೆಲೆಗೆ ಹತ್ತಿರ ಹೋಗುತ್ತೆ.

ಹೆಡ್‌ಸ್ಟಾಕ್ ಹಿಂದುಗಡೆ ನಟ್ಟಿನ (ರಾಡ್‌ನದಲ್ಲ, ನೆಕ್ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿ) ಕೆಳಗೆ ಟಾರ್ಚು ಬಿಡಿ. ತಲೆ ಹಿಂದಕ್ಕೆ ವಾಲಿರೋ ವಿನ್ಯಾಸಗಳಲ್ಲಿ, ಅಂದ್ರೆ ಗಿಬ್ಸನ್ ಮತ್ತು ರಿಕನ್‌ಬ್ಯಾಕರ್ ಥರದವುಗಳಲ್ಲಿ, ಬಿದ್ದರೆ ಮುರಿಯೋದು ಅಲ್ಲೇ. ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ಸವರಿ. ಉಗುರು ತಡೆದರೆ ಅದು ಬಿರುಕು.

ತೂಕ ಮಾಡಿ. 4 ಕೆಜಿ ಆಸುಪಾಸು ಹಿತ. 70ರ ದಶಕದ ಕೊನೆಯ ಕೆಲವು ನೆಕ್-ಥ್ರೂಗಳು 5 ಕೆಜಿ ಮುಟ್ತವೆ. ಎರಡು ಗಂಟೆ ಕಛೇರಿ ನಡೆಸಿ ನೋಡಿ, ಎಡ ಭುಜ ಮಾತಾಡುತ್ತೆ. ತಮಾಷೆ ಅಂದ್ರೆ, ಮಾರೋರೆಲ್ಲ "ತೂಕ ಜಾಸ್ತಿ ಇದ್ದಷ್ಟೂ ನಾದ ಜಾಸ್ತಿ" ಅಂತಾರೆ, ಅವರ್ಯಾರೂ ಅದನ್ನ ಹೊತ್ತು ನುಡಿಸಿರಲ್ಲ.

ಈಗ ಒಳಗೆ. ಪಿಕ್‌ಗಾರ್ಡ್ ಅಥವಾ ಹಿಂದಿನ ಮುಚ್ಚಳ ಬಿಚ್ಚಿದರೆ ಮರ ಕೊರೆದಿರೋ ಗುಳಿ ಕಾಣುತ್ತೆ. ಅದರ ಗೋಡೆಗೆ ಟಾರ್ಚು ಬಿಡಿ. ತೆಳು ಪದರಗಳು ಒಂದರ ಮೇಲೊಂದು ಕಂಡರೆ ಪ್ಲೈವುಡ್. ಮೇಲಿನಿಂದ ನೋಡಿದರೆ ಆ್ಯಶ್ ಮರದ ಚೆಂದದ ಗೆರೆ, ಒಳಗೆ ಪದರ ಪದರ, ಅಂಥವು ಬೇಕಾದಷ್ಟಿವೆ. ಅಸಲಿ ಮರವೇ ಇದ್ದರೂ ಅದು ಆ್ಯಶ್ ಅಂತ ಕೂಡಲೇ ಒಪ್ಪಬೇಡಿ. ಜಪಾನಿನಲ್ಲಿ ಸೆನ್ ಅನ್ನೋ ಮರ ಇದೆ, ಗೆರೆ ನೋಡೋಕೆ ಆ್ಯಶ್ ಥರವೇ. 70-80ರ ದಶಕದ ಬಹಳಷ್ಟು ಬಾಡಿಗಳು ಅದರವು. ಕೇಳೋಕೂ ಚೆನ್ನಾಗಿದೆ. ನಂತರದ ಫೆಂಡರ್ ಜಪಾನ್‌ನಲ್ಲಿ ಬಾಸ್‌ವುಡ್ ಜಾಸ್ತಿ. ಮೃದು ಮರ, ಸ್ಕ್ರೂ ತೂತು ಬೇಗ ಸಡಿಲ ಆಗುತ್ತೆ.

ಪಿಕಪ್ ಬದಲಾಗಿದೆಯಾ ನೋಡಿ. ಬೆಸುಗೆ ಮಂಕು ಬೂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು, ಹೊಳೀತಿದ್ದರೆ ಇತ್ತೀಚೆಗೆ ಯಾರೋ ಕೈ ಹಾಕಿದಾರೆ. ಮಲ್ಟಿಮೀಟರು ಇಟ್ಟರೆ ಜಾಝ್ ಮಾದರಿಯ ಪಿಕಪ್ ಸಾಮಾನ್ಯವಾಗಿ 7ರಿಂದ 8 ಕಿಲೋ ಓಮ್, ಪ್ರಿಸಿಷನ್ ಮಾದರಿಯದ್ದು 10-11 ಕಿಲೋ ಓಮ್ ತೋರಿಸುತ್ತೆ. ಅಂಕಿ ಸ್ವಲ್ಪ ಆಚೀಚೆ ಆದರೆ ತೊಂದರೆ ಇಲ್ಲ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಪಾಟ್‌ಗಳು (ಸದ್ದು ಏರಿಳಿಸೋ ನಾಬ್‌ನ ಕೆಳಗಿನ ಭಾಗ) ಇಲ್ಲಿ ಮಿಲಿಮೀಟರ್ ಅಳತೆಯವು, ಶಾಫ್ಟ್ 6 ಮಿ.ಮೀ. ಅಮೆರಿಕದ ಪಾಟ್‌ಗೆ ಮಾಡಿದ ನಾಬ್ ಕೂರಲ್ಲ, ಅಮೆರಿಕದ ಪಾಟ್ ಹಾಕೋಕೆ ಹೋದರೆ ಪ್ಲೇಟಿನ ತೂತು ಸಾಲಲ್ಲ. ಹಿಂದಿನ ಮಾಲೀಕ ತೂತು ದೊಡ್ಡದು ಮಾಡಿದ್ದರೆ ಅದು ಯಾವತ್ತೋ ಪಾಟ್ ಬದಲಾದ ಗುರುತು.

ನನ್ನ ಎಸ್‌ಬಿ-1000 ವಿಷಯ ಹೇಳಬೇಕು. ಅದರ ಹಿಂದಿನ ಮುಚ್ಚಳ ತೆಗೆದಾಗ ಬ್ಯಾಟರಿ ಕ್ಲಿಪ್ಪು ಹಸಿರುಗಟ್ಟಿ, ಉಪ್ಪು ಹರಳಿನ ಥರ ಪುಡಿ ಉದುರ್ತಿತ್ತು. ಯಾವ ಪುಣ್ಯಾತ್ಮನೋ ಬ್ಯಾಟರಿ ಹಾಕಿ ಮರೆತಿದ್ದ. ಆ ಬೇಸಿನಲ್ಲಿ ಒಂದೇ ದೊಡ್ಡ ಪಿಕಪ್ಪು, ಆರು ಸ್ಥಾನದ ತಿರುಗೋ ಸ್ವಿಚ್ಚು, ಒಳಗೆ ಬ್ಯಾಟರಿಯಿಂದ ನಡೆಯೋ ಆ್ಯಕ್ಟಿವ್ ಸರ್ಕ್ಯೂಟು. ಸ್ವಿಚ್ಚು ತಿರುಗಿಸಿದಾಗಲೆಲ್ಲ ಆಂಪಿನಲ್ಲಿ ಜೋಳ ಹುರಿದ ಸದ್ದು. ಮಾರಿದವರು "ಹಾಳಾಗಿದೆ" ಅಂತಲೇ ಬೆಲೆ ಇಳಿಸಿದ್ದರು. ಕ್ಲಿಪ್ಪು ಬದಲಾಯಿಸಿ, ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದ್ದಷ್ಟೇ ರಿಪೇರಿ. ಮರದ ಕೆಲಸದ ಕಡೆ ಏನೂ ಮಾಡಬೇಕಾಗಿರಲಿಲ್ಲ. ಮೇಪಲ್ ಮತ್ತು ವಾಲ್‌ನಟ್ ಪಟ್ಟಿಗಳನ್ನ ಅಂಟಿಸಿದ ನೆಕ್ ಅವತ್ತಿಗೂ ಗೆರೆ ಎಳೆದ ಹಾಗಿತ್ತು. ವಿದ್ಯುತ್ತಿನ ದೋಷ ಇರೋ ಬೇಸನ್ನ ಧೈರ್ಯವಾಗಿ ಚೌಕಾಸಿ ಮಾಡಿ, ಮರದ ದೋಷ ಇರೋದನ್ನ ಬಿಡಿ.

ಏನು ಕೊಳ್ಳಬೇಕು

ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಬಹಳ ಇದಾರೆ. ನಕಲಿಗಿಂತ ಜಪಾನಿನವರು ತಾವೇ ಯೋಚಿಸಿ ಮಾಡಿದ ಬೇಸ್ ಕೊಳ್ಳಿ. ಯಾಮಾಹಾ ಬಿಬಿ1000, ಬಿಬಿ1200, ಬಿಬಿ2000. ಜಾಯ್ ಡಿವಿಷನ್, ನ್ಯೂ ಆರ್ಡರ್ ತಂಡಗಳ ಪೀಟರ್ ಹುಕ್ ಕೈಯಲ್ಲಿ ನೋಡಿದ್ದೀರಲ್ಲ, ಅದು ಬಿಬಿ1200. ಇಬಾನೆಜ್ ಮ್ಯುಸಿಶಿಯನ್ ಎಂಸಿ924. ಗಾಯಕ ಸ್ಟಿಂಗ್ ನುಡಿಸಿದ್ದು ಅದರ ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ) ರೂಪ. ಆರಿಯಾ ಎಸ್‌ಬಿ, ಡುರಾನ್ ಡುರಾನ್‌ನ ಜಾನ್ ಟೇಲರ್, ಮೆಟಾಲಿಕಾದ ಕ್ಲಿಫ್ ಬರ್ಟನ್ ಇಬ್ಬರೂ ಹಿಡಿದ ಸರಣಿ. ಒಂದೇ ಬೇಸ್ ಆ ಎರಡು ಥರದ ಸಂಗೀತಕ್ಕೂ ಒಗ್ಗಿತು ಅಂದ್ರೆ ಬೇರೆ ಶಿಫಾರಸು ಬೇಕಾ?

ಫೆಂಡರ್ ಆಕಾರವೇ ಬೇಕು ಅನ್ನೋರಿಗೆ ತೋಕಾಯ್‌ನ ಹಾರ್ಡ್ ಪಂಚರ್ ಇದೆ, ಪ್ರಿಸಿಷನ್ ಮಾದರಿ. ಜಾಝ್ ಸೌಂಡ್ ಇದೆ, ಹೆಸರೇ ಹೇಳುತ್ತೆ. ಫರ್ನಾಂಡಿಸ್‌ನವರ ರಿವೈವಲ್ ಸರಣಿ ಕೂಡ ಸೊಗಸು. ಈ ಎರಡೂ ಕಂಪನಿಗಳ ಹೆಡ್‌ಸ್ಟಾಕ್ ಬರಹ ದೂರದಿಂದ ಫೆಂಡರ್ ಅಂತಲೇ ಓದಿಸಿಕೊಳ್ಳೋ ಹಾಗೆ ಬರೆದಿದ್ದು. ವೇದಿಕೆ ಕೆಳಗೆ ನಿಂತವರಿಗೆ ಗೊತ್ತಾಗಬಾರದು ಅಂತ. ಮೊದಲ ಬೇಸ್ ಕೊಳ್ಳೋ ಹುಡುಗರಿಗೆ ನಾನು ಹೇಳೋದು ವೆಸ್ಟೋನ್ ಥಂಡರ್ ಅಥವಾ ವಾಂಟೇಜ್. ಕವಾಯಿಯ 80ರ ದಶಕದ ಬೇಸ್‌ಗಳನ್ನೂ ಜನ ಗಮನಿಸಲ್ಲ, ನೀವು ಗಮನಿಸಿ.

ಇಲ್ಲಿ ಕೊಳ್ಳೋದು, ಊರಿಗೆ ತರೋದು

ಟೋಕಿಯೋದಲ್ಲಿ ಓಚಾನೋಮಿಜು ನಿಲ್ದಾಣದಿಂದ ಹೊರಬಿದ್ದರೆ ರಸ್ತೆಯುದ್ದಕ್ಕೂ ಗಿಟಾರಿನಂಗಡಿ. ನೋಡೋಕೆ, ನುಡಿಸಿ ಕೈ ಪಳಗಿಸೋಕೆ ಅಲ್ಲಿಗೆ ಹೋಗಿ. ಬೆಲೆ ಅವರಿಗೂ ಗೊತ್ತು, ಹಾಗಾಗಿ ಲಾಭದ ಬೇಟೆ ಅಲ್ಲಿ ಆಗಲ್ಲ. ಊರಾಚೆ ಹೆದ್ದಾರಿ ಪಕ್ಕದ ಹಾರ್ಡ್ ಆಫ್ ಥರದ ಹಳೇ ಸಾಮಾನಿನ ಅಂಗಡಿಗಳಲ್ಲಿ ಜಂಕ್ ಅಂತ ಚೀಟಿ ಅಂಟಿಸಿದ ಮೂಲೆ ಇರುತ್ತೆ. ಜಂಕ್ ಅಂದ್ರೆ ಕೆಟ್ಟಿದೆ ಅಂತಲ್ಲ, ಪರೀಕ್ಷೆ ಮಾಡಿಲ್ಲ, ವಾಪಸ್ ತಗೊಳ್ಳಲ್ಲ ಅಂತ.

ಆನ್‌ಲೈನ್ ಹರಾಜಿನಲ್ಲಿ ಕೊಳ್ಳೋದಾದರೆ ಕೆಲವು ಜಪಾನೀ ಮಾತು ತಿಳಿದಿರಲಿ. ಜುನ್‌ಝೋರಿ ಅಂದ್ರೆ ನೆಕ್ ಮುಂದಕ್ಕೆ ಬಾಗಿದೆ, ಗ್ಯಾಕುಝೋರಿ ಹಿಂದಕ್ಕೆ, ನೆಜಿರೆ ತಿರುಚಿದೆ. ಗಾರಿ ಅಂದ್ರೆ ಪಾಟ್ ಗರಗರ ಅನ್ನುತ್ತೆ. ಫ್ರೆಟ್ 7 ವಾರಿ ಉಳಿದಿದೆ ಅಂತ ಬರೆದಿದ್ದರೆ ಹತ್ತರಲ್ಲಿ ಏಳು ಭಾಗ ಇದೆ, ನೆಮ್ಮದಿಯಾಗಿ ಕೊಳ್ಳಬಹುದು. ಗೆಂಜೋ-ವತಾಶಿ ಅಂದ್ರೆ ಇದ್ದ ಹಾಗೇ ಕೊಡ್ತೀವಿ, ಆಮೇಲೆ ಕೇಳಬೇಡಿ ಅಂತ. ಟ್ರಸ್ ರಾಡ್ ಬಗ್ಗೆ ಒಂದಕ್ಷರವೂ ಬರೀದೆ ಬಣ್ಣದ ಬಗ್ಗೆ ಹತ್ತು ಸಾಲು ಬರೆದಿದ್ದರೆ ನಾನು ಬಿಡ್ ಮಾಡಲ್ಲ.

ಭಾರತಕ್ಕೆ ತರೋದಾದರೆ ಕೊಳ್ಳೋ ಮುಂಚೆಯೇ ಕಸ್ಟಮ್ಸ್ ನಿಯಮ ವಿಚಾರಿಸಿ. ಬಳಸಿದ ಸಾಮಾನಿನ ಆಮದಿಗೆ ನಮ್ಮಲ್ಲಿ ನಿರ್ಬಂಧ ಇದೆ, ಸುಂಕ ಹಾಕುವಾಗಲೂ ವಸ್ತುವಿನ ಬೆಲೆಯ ಜೊತೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಲೆಕ್ಕ ಹಾಕ್ತಾರೆ. ಫಿಂಗರ್‌ಬೋರ್ಡಿನ ಮರದ ಕಡೆಯೂ ಗಮನ ಇರಲಿ. ನಮ್ಮ ಮಲೆನಾಡಿನ ಬೀಟೆಯೂ ಸೇರಿದಂತೆ ರೋಸ್‌ವುಡ್ ಜಾತಿಯ ಮರಗಳಿಗೆ 2017ರ ಜನವರಿಯಿಂದ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ನಿರ್ಬಂಧ ಬಂತು. ಪೂರ್ತಿ ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್ ಕೊನೆಯಿಂದ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ಬೀಟೆಗೆ ಆ ವಿನಾಯಿತಿ ಇಲ್ಲ, 1992ರಿಂದಲೂ ಅದು ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಹಾಗಾಗಿ ಮಾರೋರು "ಇದು ಬ್ರೆಜಿಲ್ ರೋಸ್‌ವುಡ್" ಅಂತ ಹೆಮ್ಮೆಯಿಂದ ಹೇಳಿದರೆ ಖುಷಿಪಡಬೇಡಿ, ಗಡಿ ದಾಟಿಸೋ ಕಾಗದಪತ್ರ ಎಲ್ಲಿ ಅಂತ ಕೇಳಿ.

ಬೋಲ್ಟ್-ಆನ್ ಆದರೆ ತಂತಿ ಸಡಿಲಿಸಿ, ನೆಕ್ ಬಿಚ್ಚಿ, ಎರಡನ್ನೂ ಬೇರೆಬೇರೆ ಸುತ್ತಿ. ಪೊಟ್ಟಣ ಚಿಕ್ಕದಾಗುತ್ತೆ, ಮುರಿಯೋ ಭಯವೂ ಕಡಿಮೆ. ನೆಕ್ ಪಾಕೆಟ್‌ನಲ್ಲಿ (ಬಾಡಿಯಲ್ಲಿ ನೆಕ್ ಕೂರೋ ಗುಳಿ) ತೆಳು ಕಾಗದದ ಅಥವಾ ಮರದ ತುಂಡು ಇದ್ದರೆ ಅದನ್ನ ಅಲ್ಲೇ ಟೇಪ್ ಹಚ್ಚಿ ಉಳಿಸಿ, ನೆಕ್‌ನ ಕೋನ ಸರಿ ಇರೋದೇ ಅದರಿಂದ. ಊರಿಗೆ ಬಂದ ಕೂಡಲೇ ಟ್ರಸ್ ರಾಡ್ ತಿರುಗಿಸೋಕೆ ಹೋಗಬೇಡಿ. ಜಪಾನಿನ ಒಣ ಚಳಿಗಾಲದಿಂದ ಹೊರಟ ಮರ ಮಂಗಳೂರಿನ ಜೂನ್ ತಿಂಗಳಿಗೆ ಬಂದಿಳಿದರೆ ತನ್ನಷ್ಟಕ್ಕೆ ತಾನೇ ಅಲುಗಾಡುತ್ತೆ. ತಂತಿ ಕಟ್ಟಿ, ಶ್ರುತಿ ಮಾಡಿ, ಎರಡು ವಾರ ಬಿಟ್ಟು ನೋಡಿ. ಆಮೇಲೂ ಬಾಗಿದ್ದರೆ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಡಿ, ಮತ್ತೆ ಅಳೀರಿ.

ಪಿಕಪ್ಪೋ, ಬ್ರಿಡ್ಜೋ, ಟ್ಯೂನಿಂಗ್ ಕೀಲಿಯೋ ಬದಲಾಯಿಸಿದರೆ ತೆಗೆದ ಹಳೆಯದನ್ನ ಎಸೀಬೇಡಿ, ಸ್ಕ್ರೂ ಸಮೇತ ಒಂದು ಕವರಿಗೆ ಹಾಕಿ ಕೇಸಿನಲ್ಲೇ ಇಡಿ. ಮುಂದೆ ಮಾರುವಾಗ ನನ್ನಂಥವನು ಮೊದಲು ಕೇಳೋದೇ ಆ ಕವರ್ ಎಲ್ಲಿ ಅಂತ.